ನಾಲ್ಕು ಗೆರೆ, ಒಂದು ಹಲಗೆ

ಮನೆಯ ರಿಪೇರಿ ಕೆಲಸಕ್ಕೆ ನಾನು ಕೈ ಹಾಕಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಎರಡು ಸಾವಿರದ ಐದರ ಸುಮಾರಿಗೆ ಹುಣಸೂರಿನ ನಮ್ಮ ಅಡುಗೆಮನೆಯಲ್ಲಿ, ಸಿಂಕಿನ ಪಕ್ಕದ ಗೋಡೆಗೆ, ತೊಳೆದ ಪಾತ್ರೆ ಬೋರಲು ಹಾಕಲು ಒಂದು ಹಲಗೆ ಬೇಕಾಗಿತ್ತು. "ನಮ್ಮ ಅಳಿಯಂದ್ರಿಗೆ ಒಂದು ಮೊಳೆ ಹೊಡೆಯಾಕೂ ಬರಾಕಿಲ್ಲ" ಎಂದು ಹಂಪಾಪುರದ ಮಾವ ನೆಂಟರೆದುರು ಅಂದಿದ್ದರು. ಅವರು ಭಾನುವಾರ ಬರುವುದರೊಳಗೆ ಹಲಗೆಯನ್ನು ನಾನೇ ಕೂರಿಸಿ ತೋರಿಸಬೇಕೆಂಬ ಹಟ ನನಗೆ.

೧

ಅಂಗಡಿಯಿಂದ ಮಟ್ಟ ನೋಡುವ ರಸಮಟ್ಟ ತಂದು ಗೋಡೆಗೆ ಹಿಡಿದೆ. ಗಾಜಿನೊಳಗಿನ ಗುಳ್ಳೆ ನಡುವೆ ನಿಂತಿತು, ಪೆನ್ಸಿಲಿನಲ್ಲಿ ಗೆರೆ ಎಳೆದೆ. ಯಾಕೋ ಅನುಮಾನ ಬಂದು, ಬಲದ ತುದಿ ಎಡಕ್ಕೆ ಬರುವಂತೆ ತಿರುಗಿಸಿ ಹಿಡಿದರೆ ಗುಳ್ಳೆ ಪಕ್ಕಕ್ಕೆ ಓಡಿತು. ಅದನ್ನು ನಡುವೆ ತಂದು ಇನ್ನೊಂದು ಗೆರೆ ಎಳೆದೆ. ಎರಡೂ ಗೆರೆ ಒಂದಕ್ಕೊಂದು ಹೊಂದಲೇ ಇಲ್ಲ. ಅಂಗಡಿಗೆ ವಾಪಸ್ ಒಯ್ದೆ.

"ತಿರುಗಿಸಿ ನೋಡಿದ್ರಾ?" ಎಂದ ಅಂಗಡಿಯವನು.

"ಹೂಂ."

"ಅದೇ ತಪ್ಪು ಕಣ್ ಸಾ. ಒಂದ್ಸಲ ಸರಿ ಬಂದ್ಮೇಲೆ ಯಾಕೆ ತಿರುಗಿಸಾಕೋದ್ರಿ?"

೨

"ಲೇಸರ್ ಮಟ್ಟ ತಗೊಳ್ರಿ, ಬೆಳಕು ಸುಳ್ಳು ಹೇಳಲ್ಲ" ಎಂದರು ಆಫೀಸಿನ ಗೆಳೆಯರೊಬ್ಬರು. ವಿದೇಶಿ ಸಾಮಾನು ಸಿಗುವ ಕೊಪ್ಪದ ಅಂಗಡಿಯಿಂದ ಅದನ್ನೂ ತಂದೆ. ಗೋಡೆಯ ಮೇಲೆ ಕೆಂಪು ಗೆರೆ ಬಿದ್ದಾಗ ಹೆಂಡತಿ ಬಾಯಿಬಿಟ್ಟು ನೋಡಿದಳು. ಆಮೇಲೆ ಗೊತ್ತಾಯಿತು, ಮೊದಲು ಲೇಸರನ್ನೇ ಮಟ್ಟವಾಗಿ ಇಡಬೇಕು. ಅದಕ್ಕೆಂದು ಅದರ ಬೆನ್ನ ಮೇಲೂ ಒಂದು ಗುಳ್ಳೆ! ಮೂರನೆಯ ಗೆರೆ ಇನ್ನೆಲ್ಲೋ ಬಿತ್ತು. ನನಗೆ ನಿಜವಾಗಿ ಅಳುವೇ ಬಂತು. ನಮ್ಮ ಬೀದಿಯ ಗಾರೆ ಮೇಸ್ತ್ರಿಯನ್ನು ಕರೆದೆ.

"ಮೂರರಲ್ಲಿ ಯಾವುದು ಸರಿ ಮೇಸ್ತ್ರಿ?"

"ಗೆರೆ ಏನ್ ಮಾಡಾವು ಬುಡಿ ಸಾ, ಗೋಡೆನೇ ಸೊಟ್ಟ."

"ಯಾರಪ್ಪ ಕಟ್ಟಿದ್ದು ಈ ಗೋಡೆ?"

"ನಾನೇಯ."

೩

ಕೊನೆಗೆ ಮೇಸ್ತ್ರಿಯ ಹತ್ತಿರ ನೀರು ತುಂಬಿದ ಪ್ಲಾಸ್ಟಿಕ್ ಪೈಪು ಇಸಕೊಂಡೆ. ಎರಡು ತುದಿಯಲ್ಲೂ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ, ಅದರಲ್ಲಿ ಮೋಸವಿಲ್ಲ. ನಾಲ್ಕನೆಯ ಗೆರೆ ಎಳೆದು ಹಲಗೆ ಕೂರಿಸಿದೆ.

ಭಾನುವಾರ ಮಾವ ಬಂದರು. ಒಂದು ಲೋಟ ನೀರನ್ನು ಹಲಗೆಯ ಮೇಲೆ ಸುರಿದರು. ನೀರು ಆ ಕಡೆಗೂ ಹೋಗಲಿಲ್ಲ, ಈ ಕಡೆಗೂ ಬರಲಿಲ್ಲ. ನಾನು ಎದೆ ಉಬ್ಬಿಸಿ ನಿಂತೆ.

"ಏನ್ ಅಳಿಯಂದ್ರೆ ಇದು?" ಎಂದರು ಮಾವ. "ತೊಳೆದ ಪಾತ್ರೆ ಮಡಗೋ ಹಲಗೆ, ನೀರು ಸಿಂಕಿನ ಕಡೆ ಹರಿಯಾದು ಬ್ಯಾಡ್ವಾ? ಒಸಿ ಓರೆ ಮಾಡ್ಬೇಕು ಕಣ್ರೀ. ಇಷ್ಟೊಂದು ಮಟ್ಟವಾಗಿ ಯಾರಾದ್ರೂ ಕೂರಿಸ್ತಾರಾ!"