ಮುಳುಗಲೊಲ್ಲದ ಮೈಗೊಂದು ಪಟ್ಟಿ

ಮುಳುಗಲಿಕ್ಕೂ ಯೋಗ್ಯತೆ ಬೇಕೆಂಬುದು ನನಗೆ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತಿಳಿಯಿತು. ಅಲ್ಲಿಯತನಕ ಅದು ತಾನಾಗಿಯೇ ಆಗುವ ಕೆಲಸ ಅಂದುಕೊಂಡಿದ್ದೆ. ನಾನು ವಿಜಯಪುರದ ಜೋರಾಪುರ ಪೇಟೆಯಲ್ಲಿ ಜಂಪರು ಹೊಲಿಯುವವಳು. ಊರವರ ಸೊಂಟದ ಅಳತೆಯೆಲ್ಲ ನನಗೆ ಗೊತ್ತು. ನನ್ನದು ಮಾತ್ರ ಟೇಪು ಹಿಡಿದು ಹುಡುಕಿದರೂ ಸಿಗುವುದಿಲ್ಲ. ಕಳೆದ ವರ್ಷ ಓಣಿಯ ಹೆಂಗಸರೆಲ್ಲ ಸಮುದ್ರ ನೋಡಲು ಹೋದಾಗ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರೊಳಗೆ ಇಳಿಯುವ ಸ್ಕೂಬಾ ಡೈವಿಂಗಿಗೆ ನಾನೊಬ್ಬಳೇ ಧೈರ್ಯ ಮಾಡಿದೆ. ಉಳಿದವರು ದೋಣಿಯಲ್ಲಿ ಕುಳಿತು ಚೂಡಾ ತಿನ್ನುತ್ತ ನೋಡಿದರು. ನೋಡಲು ಬೇಕಾದಷ್ಟಿತ್ತು, ಏಕೆಂದರೆ ನಾನು ಮುಳುಗಲೇ ಇಲ್ಲ. ಮೈಯ ಕೊಬ್ಬು ತೇಲುತ್ತದಂತೆ. ಕೆಳಗಿಳಿಸಲೆಂದು ಸೊಂಟಕ್ಕೆ ಸೀಸದ ತುಂಡುಗಳ ಬೆಲ್ಟು ಕಟ್ಟಿದರು. ಅದು ಜಾರಿ ಮೊಣಕಾಲಿಗೆ ಬಂತು. "ನಿಮಗೆ ಇದೆಲ್ಲ ಆಗೋದಿಲ್ಲ ಮೇಡಂ, ಬಿಡಿ" ಎಂದು ಅಲ್ಲಿಯ ತರಬೇತುದಾರ ನನ್ನನ್ನು ದೋಣಿಗೆ ಎಳೆದು ಹಾಕಿದ.

ಆಗೋದಿಲ್ಲ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ತಲೆ ಕೆಡುತ್ತದೆ. ಒಮ್ಮೆ ಒಬ್ಬಾಕೆ, ಇಷ್ಟೇ ಬಟ್ಟೆಯಲ್ಲಿ ಉದ್ದ ತೋಳು ಬರುವುದಿಲ್ಲ ಎಂದಳು. ಹಟ ಹಿಡಿದು ತೋಳು ತಂದೆ. ಬೆನ್ನಿಗೆ ಬಟ್ಟೆ ಉಳಿಯಲಿಲ್ಲ. ಈ ಸಲವೂ ಮನೆಗೆ ಬಂದವಳೇ, ಮುಳುಗಿಯೇ ತೀರುತ್ತೇನೆ ಎಂದು ಸಾರಿದೆ. "ಮುಳಗಾಕ ಬರವಲ್ದು ಅಂತ ಬ್ಯಾಸರಾ ಮಾಡ್ಕೊಂಡ ಮನಷ್ಯಾರನ್ನ ಇವತ್ತ ನೋಡಾಕತ್ತೀನಿ" ಎಂದರು ನಮ್ಮ ಮನೆಯವರು. ಟಿಕೋಟಾದಲ್ಲಿರುವ ತಂಗಿ ಫೋನು ಮಾಡಿದಳು: "ಯವ್ವಾ, ನಿನಗೇನ ಆಗೇತಿ ಬೇ? ನೀರ ಬೇಕಂದ್ರ ಇಲ್ಲಿಗಿ ಬಾ, ನಮ್ಮ ದ್ರಾಕ್ಷಿ ತ್ವಾಟದ ಹೊಂಡ ಐತಿ. ದಂಡಿಗಿ ಕುಂತು ಕಾಲ ಇಳಿಬಿಡು." ಕಾಲು ಇಳಿಬಿಡುವುದಕ್ಕೆ ನಾನೇನು ಬಾತುಕೋಳಿಯೇ?

ಬಬಲೇಶ್ವರದಲ್ಲಿ ಮಲ್ಲಪ್ಪಣ್ಣ ಎಂಬವರಿದ್ದಾರೆ. ನೌಕಾಪಡೆಯಲ್ಲಿ ಮುಳುಗುಗಾರರಾಗಿದ್ದು ನಿವೃತ್ತರಾದವರು. ಈಗ ಸುತ್ತಲಿನ ಬಾವಿಗಳಲ್ಲಿ ಬಿದ್ದ ಪಂಪುಗಳನ್ನು ಎತ್ತಿಕೊಡುತ್ತಾರೆ. ಅವರ ಹೊಲದಲ್ಲಿ ಮೆಟ್ಟಿಲುಗಳಿರುವ ದೊಡ್ಡ ಬಾವಿಯಿದೆ. ಚಿಕ್ಕಂದಿನಲ್ಲಿ ಕಾಖಂಡಕಿಯ ಅಜ್ಜಿಯ ಮನೆಯ ಬಾವಿಯಲ್ಲಿ ಈಜು ಕಲಿತಿದ್ದರಿಂದ, ಮುಳುಗುವುದನ್ನು ಕಲಿಸಲು ಅವರು ಒಪ್ಪಿಕೊಂಡರು. ಪ್ರತಿ ರವಿವಾರ ನಮ್ಮವರು ನನ್ನನ್ನು ಗಾಡಿಯ ಮೇಲೆ ಕರೆದೊಯ್ದು, ನನಗೆ ಕಟ್ಟಿದ ಹಗ್ಗ ಹಿಡಿದು ಮೆಟ್ಟಿಲ ಮೇಲೆ ಕೂಡುತ್ತಿದ್ದರು.

ಮಲ್ಲಪ್ಪಣ್ಣನವರ ಹತ್ತಿರ ಎರಡು ಥರದ ಗಾಳಿ ಜಾಕೀಟುಗಳಿದ್ದವು. ಗುಂಡಿ ಒತ್ತಿ ಗಾಳಿ ತುಂಬಿದರೆ ಮೇಲೇಳಬೇಕು, ಬಿಟ್ಟರೆ ಇಳಿಯಬೇಕು. ಮೊದಲನೆಯದರಲ್ಲಿ ಎದೆ ಹೊಟ್ಟೆಯ ಸುತ್ತಲೂ ಗಾಳಿ ತುಂಬುತ್ತಿತ್ತು. ತುಂಬಿದೊಡನೆ ಅಳತೆ ತಪ್ಪಿದ ಜಂಪರಿನ ಹಾಗೆ ಉಸಿರು ಕಟ್ಟಿಸಿತು. ನನ್ನ ಗಿರಾಕಿಗಳು ಏನು ಅನುಭವಿಸುತ್ತಾರೆಂದು ಆವತ್ತು ಗೊತ್ತಾಯಿತು. ಎರಡನೆಯದರ ಗಾಳಿಚೀಲ ಬೆನ್ನಿಗೆ ಮಾತ್ರ. ಒಳಗೆ ಹಾಯೆನಿಸಿತು, ಆದರೆ ಮೇಲೆ ಬಂದಾಗ ಅದು ಮುಖವನ್ನು ನೀರಿಗೆ ಒತ್ತಿತು. "ಯಾರಿಗಿ ನಮಸ್ಕಾರ ಮಾಡಾಕತ್ತೀರಿ ಅಕ್ಕಾರ? ಹಿಂದಕ್ಕ ಒರಗ್ರಿ" ಎಂದರು ಮಲ್ಲಪ್ಪಣ್ಣ. ಒರಗುವುದನ್ನು ಕಲಿತ ಮೇಲೆ ಅದನ್ನೇ ಆರಿಸಿದೆ.

ಉಳಿದದ್ದು ಸೀಸ. ಅದನ್ನು ಜಾಕೀಟಿನ ಕಿಸೆಗಳಲ್ಲೇ ತುಂಬಿಕೊಂಡರೆ ನೀರಲ್ಲಿ ಚೆನ್ನಾಗಿತ್ತು, ಆದರೆ ಸಿಲಿಂಡರೂ ಸೀಸವೂ ಒಟ್ಟಿಗೆ ಬೆನ್ನೇರಿದ್ದರಿಂದ ಹೊರಬರುವಾಗ ಮೂರನೆಯ ಮೆಟ್ಟಿಲಿಗೆ ಕುಸಿದು ಕುಳಿತೆ. ಮತ್ತೆ ಬೆಲ್ಟು ಕಟ್ಟಿದರೆ ಅದು ನೀರಿನ ನಡುವೆ ಕಳಚಿ ಬಾವಿಯ ತಳ ಸೇರಿತು, ನಾನು ಬೂಚಿನಂತೆ ಚಿಮ್ಮಿ ಮೇಲೆ ಬಂದೆ. ನಮ್ಮವರು ನಕ್ಕರು. ಮಲ್ಲಪ್ಪಣ್ಣ ನಗಲಿಲ್ಲ. "ಸಮುದ್ರದಾಗ ಹಿಂಗ ಒಮ್ಮಿಗೇ ಮ್ಯಾಲ ಬಂದ್ರ ಪುಪ್ಪಸ ಒಡೀತಾವ್ರಿ, ಇದು ನಗೂ ಮಾತಲ್ಲ. ನಿಮ್ಮ ಸೊಂಟ ಬೆಲ್ಟಿಗಿ ಬರೂದಲ್ಲ ಅಕ್ಕಾರ. ಬಿಟ್ಟಬಿಡ್ರಿ."

ಒದ್ದೆ ಮೈಯಲ್ಲಿ ನಡುಗುತ್ತಲೇ ಹೇಳಿದೆ: "ಮಲ್ಲಪ್ಪಣ್ಣಾರ, ಮೂವತ್ತ ವರ್ಷಾತು ನಾ ಹೊಲ್ಯಾಕತ್ತು. ಜಂಪರ ಮೈಗೆ ಕೂಡಲಿಲ್ಲಂದ್ರ ಅರಬಿ ಬಿಚ್ಚಿ ಹೊಲದೀನಿ. ನಿಮ್ಮ ಮೈ ಸರಿಯಿಲ್ಲಂತ ಒಬ್ಬ ಗಿರಾಕಿಗೂ ಅಂದಿಲ್ರಿ. ಬೆಲ್ಟ ಸರಿಯಿಲ್ಲ. ನನ್ನ ಸೊಂಟ ಭಾಳ ಛಲೋ ಐತಿ."

ಸೊಂಟದಲ್ಲಿ ನಿಲ್ಲದೆಂದು ಸಣ್ಣ ಹುಡುಗಿಯರ ಲಂಗಕ್ಕೆ ನಾವು ಭುಜದ ಪಟ್ಟಿ ಹಚ್ಚುವುದಿಲ್ಲವೇ? ಬ್ಯಾಗಿನ ದಪ್ಪ ಪಟ್ಟಿ ತಂದು ಎರಡೂ ಭುಜದಿಂದ ಇಳಿಬಿಟ್ಟು, ಪಕ್ಕಗಳಲ್ಲಿ ಸೀಸದ ಚೀಲ ಹೊಲಿದೆ. ಅಪಾಯದಲ್ಲಿ ಒಂದೇ ಎಳೆತಕ್ಕೆ ಸೀಸ ಕೆಳಗೆ ಬೀಳಬೇಕೆಂದು ಚೀಲಕ್ಕೆ ಹಿಡಿಕೆಯನ್ನೂ ಇಟ್ಟೆ. ಮಲ್ಲಪ್ಪಣ್ಣ ಎಳೆದರು, ಬೀಳಲಿಲ್ಲ. ಎರಡೂ ಕೈಯಿಂದ ಎಳೆದರು. "ಹೊಲಿಗಿ ಭಾಳ ಗಟ್ಟಿ ಆತ್ರಿ ಅಕ್ಕಾರ. ಇದನ್ನ ಹಾಕ್ಕೊಂಡ ಮುಳಗಿದವರು ಮ್ಯಾಲ ಬರಂಗಿಲ್ಲ." ಜೀವನದಲ್ಲಿ ಮೊದಲ ಸಲ ನನ್ನ ಹೊಲಿಗೆ ಗಟ್ಟಿಯಾಯಿತೆಂಬ ದೂರು ಕೇಳಿದೆ. ಎಲ್ಲ ಬಿಚ್ಚಿ, ಚರ್ ಎಂದು ಕೀಳುವ ವೆಲ್ಕ್ರೋ ಪಟ್ಟಿ ಹಚ್ಚಿದೆ. ಕಣ್ಣು ಮುಚ್ಚಿ, ಬಲಗೈಯಿಂದ, ಎಡಗೈಯಿಂದ, ತಲೆಕೆಳಗಾಗಿ ಎಳೆದು ನೋಡುವಂತೆ ಮಲ್ಲಪ್ಪಣ್ಣ ಹೇಳಿದರು. ಪ್ರತಿ ಸಲವೂ ಸೀಸ ಬಿತ್ತು. ಅವರು ತಲೆಯಾಡಿಸಿದರು, ಹೊಗಳಲಿಲ್ಲ. ಅದನ್ನು ತೊಟ್ಟು ಬಾವಿಗಿಳಿದರೂ ನಾನಿನ್ನೂ ತೇಲುತ್ತಿದ್ದೆ. "ಉಸರ ಹಿಡೀಬ್ಯಾಡ್ರಿ. ಸಿಟ್ಟಿಲೆ ಎದಿ ತುಂಬ ಗಾಳಿ ಇಟ್ಕೊಂಡೀರಿ, ಅದಕ್ಕ ತೇಲಾಕತ್ತೀರಿ" ಎಂದಷ್ಟೇ ಅಂದರು. ನಿಧಾನವಾಗಿ ಉಸಿರಾಡಿದೆ. ಎರಡು ತುಂಡು ಸೀಸ ಕಡಿಮೆ ಮಾಡಿದರೂ ಇಳಿದೆ. ಸಿಟ್ಟಿಗೆ ಅಷ್ಟು ತೇಲುವ ಶಕ್ತಿಯಿದೆಯೆಂದು ಯಾರಿಗೆ ಗೊತ್ತಿತ್ತು?

ಚಳಿಗಾಲದಲ್ಲಿ ಮಲ್ಲಪ್ಪಣ್ಣನವರ ಜೊತೆ ನಾವಿಬ್ಬರೂ ಸಮುದ್ರಕ್ಕೆ ಹೋದೆವು. ದೋಣಿಯಿಂದ ಬಿದ್ದೆ, ಗಾಳಿ ಬಿಟ್ಟೆ, ಇಳಿದೆ. ಮೂರಾಳು ಆಳದಲ್ಲಿ ಜಾಕೀಟಿಗೆ ಒಂದಿಷ್ಟು ಗಾಳಿ ಕೊಟ್ಟು ನಿಂತೆ. ಮೇಲೂ ಹೋಗಲಿಲ್ಲ, ಕೆಳಗೂ ಹೋಗಲಿಲ್ಲ. ಪಟ್ಟೆಪಟ್ಟೆ ಮೀನೊಂದು ಮುಖದ ಮುಂದೆ ಬಂದು ನನ್ನನ್ನು ಅಳತೆ ತೆಗೆದುಕೊಳ್ಳುವವರಂತೆ ನೋಡಿತು. ಹುಟ್ಟಿದಾಗಿನಿಂದ ಹೊತ್ತು ತಿರುಗಿದ ಈ ಮೈಗೆ ಅಲ್ಲಿ ಗುಂಜಿಯಷ್ಟೂ ಭಾರವಿರಲಿಲ್ಲ. ಮುಖವಾಡದೊಳಗೆ ಅಳು ಬಂತು. ಎಲ್ಲ ಸರಿಯಿದೆಯೇ ಎಂದು ಮಲ್ಲಪ್ಪಣ್ಣ ಕೈಸನ್ನೆ ಮಾಡಿದರು. ಆನಂದ ತಡೆಯಲಾರದೆ ನಾನು ಹೆಬ್ಬೆರಳು ಎತ್ತಿ ತೋರಿಸಿದೆ.

ನೀರೊಳಗೆ ಹೆಬ್ಬೆರಳು ಎತ್ತಿದರೆ 'ನನ್ನನ್ನು ಮೇಲೆ ಕರೆದೊಯ್ಯಿರಿ' ಎಂದರ್ಥ. ಹತ್ತು ಸಲ ಹೇಳಿಕೊಟ್ಟಿದ್ದರು. ಅವರು ತಕ್ಷಣ ನನ್ನ ಕೈ ಹಿಡಿದು, ನಾನು ಎಷ್ಟು ಕೊಸರಿದರೂ ಬಿಡದೆ, ನಿಧಾನವಾಗಿ ಮೇಲೆ ತಂದರು. "ಏನಾತ್ರಿ ಅಕ್ಕಾರ?" ಎಂದರು ಗಾಬರಿಯಿಂದ. "ಏನೂ ಆಗಿಲ್ರಿ! ಛಲೋ ಐತಿ ಅಂದೆ!" ಅಷ್ಟರಲ್ಲಿ ಗಾಳಿ ಜೋರಾಗಿ ಅಲೆಗಳು ಎದ್ದವು, ದೋಣಿಯವನು ಆವತ್ತು ಮತ್ತೆ ಇಳಿಯಗೊಡಲಿಲ್ಲ.

ಪೇಟೆಯ ಹೆಂಗಸರು ಎಷ್ಟು ಹೊತ್ತು ಒಳಗಿದ್ದಿ ಎಂದು ಕೇಳಿದರೆ, "ನನಗ ಸಾಕನಸೂ ಮಟಾ" ಎನ್ನುತ್ತೇನೆ. ನಮ್ಮವರು ಬಿಡುವವರಲ್ಲ: "ಇಷ್ಟೆಲ್ಲಾ ಕಲತು, ಕಡೀಕ ಹೆಬ್ಬಟ್ಟ ಒತ್ತಿ ಬಂದ್ಲು ನೋಡ್ರಿ!" ಅನ್ನಲಿ. ನಾನೀಗ ಬಲಗೈಗೊಂದು ಕೈಗವಸು ಹೊಲಿಯುತ್ತಿದ್ದೇನೆ. ಅದರಲ್ಲಿ ಹೆಬ್ಬೆರಳಿಗೆ ಜಾಗ ಬಿಟ್ಟಿಲ್ಲ.