ಟಿ.ವಿ.ಗೆ ಹೊದಿಸಿದ ಟಾವೆಲ್

ಓದಿದವರು ಸುಳ್ಳು ಹೇಳುವುದು ಕಡಿಮೆ. ಬೇರೆಯವರು ತಪ್ಪು ತಿಳಿದುಕೊಂಡಾಗ ಅದನ್ನು ತಿದ್ದುವ ಕೆಲಸವನ್ನು ಮುಂದೂಡುತ್ತಾರೆ, ಅಷ್ಟೆ. ಈ ಸೂಕ್ಷ್ಮ ವ್ಯತ್ಯಾಸವನ್ನು ನೆಚ್ಚಿಕೊಂಡು ನಾನು ಎರಡು ವರ್ಷ ನೆಮ್ಮದಿಯಾಗಿ ಸಂಸಾರ ಮಾಡಿದೆ.

ಕಣಗಲಾ ಊರಿನ ನನ್ನ ತವರಿನಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಆದ್ದರಿಂದ ಕಲ್ಲೋಳಿಗೆ ಸೊಸೆಯಾಗಿ ಬಂದ ದಿನದಿಂದ, ಆಡಬೇಕಾದ ಪ್ರತಿಯೊಂದು ವಾಕ್ಯವನ್ನೂ ಮೊದಲು ಮನಸ್ಸಿನಲ್ಲಿ ಓದಿ ನೋಡಿಕೊಳ್ಳುವುದು ನನ್ನ ಅಭ್ಯಾಸ. ಮೂಡಲಗಿಯ ಕಾಲೇಜೊಂದರಲ್ಲಿ ಪಾಠ ಹೇಳುವವಳು ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳುವಾಗಲೂ ಎಡವಬಾರದಲ್ಲವೆ? ಇಂಥ ನನ್ನಲ್ಲಿ ಉಳಿದಿರುವ ಒಂದೇ ಅಶಿಸ್ತೆಂದರೆ ಗಿಟಾರು, ಡ್ರಮ್ಮುಗಳು ಅಬ್ಬರಿಸುವ ಪಾಶ್ಚಾತ್ಯರ ಮೆಟಲ್ ಸಂಗೀತ. ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ಕಿವಿಗೆ ಹಚ್ಚಿಕೊಟ್ಟ ಒಂದು ಬ್ಯಾಂಡನ್ನು ಎಂಟು ವರ್ಷಗಳಿಂದ ಬಿಟ್ಟಿಲ್ಲ. ಅದರ ಗಾಯಕ ಹೊಟ್ಟೆಯಾಳದಿಂದ ಗರ್ಜಿಸಿದಾಗ, ನಾನು ಇದುವರೆಗೆ ನುಂಗಿಕೊಂಡ ತಪ್ಪು ವಾಕ್ಯಗಳನ್ನೆಲ್ಲ ಯಾರೋ ನನ್ನ ಪರವಾಗಿ ಒಮ್ಮೆಲೇ ಹೊರಗೆ ಹಾಕಿದಂತೆ ಜೀವ ಹಗುರಾಗುತ್ತದೆ.

ರೊಟ್ಟಿ ಬಡಿಯುವಾಗ ಇಯರ್‌ಫೋನ್ ಹಾಕಿಕೊಳ್ಳುವುದು ನನ್ನ ರೂಢಿ. ಮದುವೆಯಾದ ಹೊಸದರಲ್ಲಿ ಅದನ್ನು ಕಂಡ ಅತ್ತೆ, "ಪ್ರವಚನ ಕೇಳತೀ ಏನವಾ?" ಎಂದರು. ಎರಡೂ ಕೈ ಹಿಟ್ಟಾಗಿದ್ದವು. ತಲೆಯಾಡಿಸಿದೆ. ಅದು ಅವರ ಪ್ರಶ್ನೆಗೆ ಆಡಿಸಿದ್ದೋ ಡ್ರಮ್ಮಿನ ಪೆಟ್ಟಿಗೆ ಆಡಿಸಿದ್ದೋ ಈಗ ಖಚಿತವಾಗಿ ಹೇಳಲಾರೆ. ವಾರ ಕಳೆಯುವಷ್ಟರಲ್ಲಿ, ಇವರ ಸೊಸೆ ಪ್ರವಚನ ಕೇಳದೆ ಒಂದು ರೊಟ್ಟಿಯನ್ನೂ ಬಡಿಯುವುದಿಲ್ಲವೆಂಬ ಸುದ್ದಿ ಓಣಿಯನ್ನೆಲ್ಲ ಸುತ್ತಿತ್ತು. ಹಿರಿಯ ಹೆಂಗಸರು ನನ್ನನ್ನು ಕಂಡರೆ ಸೆರಗು ಸರಿಪಡಿಸಿಕೊಳ್ಳತೊಡಗಿದರು. ಆ ಮರ್ಯಾದೆ ನನಗೆ ರುಚಿಸಿತು. ರುಚಿಸಿದ್ದರಿಂದಲೇ ಅದು ಕೈತಪ್ಪುವ ಭಯವೂ ಹತ್ತಿತು. ಗುಟ್ಟು ಗೊತ್ತಿದ್ದವರು ನನ್ನ ಪತಿಯೊಬ್ಬರೇ. ಅವರು ತಾಯಿಯ ಎದುರಿಗೇ "ಇವತ್ತಿನ ಪ್ರವಚನ ಭಾಳ ಜೋರ ಇತ್ತೇನ್ರಿ ಮೇಡಂ?" ಎಂದು ವಿಚಾರಿಸಿ, ನನಗೆ ತುತ್ತು ನೆತ್ತಿಗೇರುವುದನ್ನು ನೋಡಿ ಸಂತೋಷಪಡುತ್ತಿದ್ದರು.

ಕಳೆದ ವಾರ ಆ ಬ್ಯಾಂಡಿನ ಸಂಗೀತ ಕಛೇರಿಯೊಂದರ ಎರಡು ತಾಸಿನ ಚಿತ್ರೀಕರಣ ಅಂತರ್ಜಾಲದಲ್ಲಿ ಬಂತು. ಅಂಥದ್ದನ್ನು ಮೊಬೈಲಿನಲ್ಲಿ ನೋಡುವುದೆಂದರೆ ಗೋಕಾಕದ ಜಲಪಾತವನ್ನು ಬಾಗಿಲ ಸಂದಿಯಿಂದ ನೋಡಿದಂತೆ. ಸುದೈವಕ್ಕೆ ಅದೇ ರವಿವಾರ ಮನೆಯವರೆಲ್ಲ ಯಮಕನಮರಡಿಗೆ ಮದುವೆಗೆ ಹೊರಟರು. ಉತ್ತರಪತ್ರಿಕೆ ತಿದ್ದುವುದಿದೆ ಎಂದು ನಾನು ಉಳಿದುಕೊಂಡೆ. ಉತ್ತರಪತ್ರಿಕೆಗಳು ಮನೆಯಲ್ಲಿದ್ದದ್ದು ನಿಜ. ಅವರನ್ನು ಕರೆದೊಯ್ದ ಸಂಬಂಧಿಕರ ಗಾಡಿ ಓಣಿ ದಾಟಿದೊಡನೆ ಮೊಬೈಲನ್ನು ಟಿ.ವಿ.ಗೆ ಜೋಡಿಸಿ, ಧ್ವನಿಯನ್ನು ಪೂರ್ತಿ ಏರಿಸಿ, ಹೆರಳು ಬಿಚ್ಚಿದೆ.

ಏನು ಹೇಳಲಿ! ಸಾವಿರಾರು ಕೈಗಳು ಗಾಳಿ ಹೊಕ್ಕ ಜೋಳದ ಹೊಲದಂತೆ ಒಂದೇ ದಿಕ್ಕಿಗೆ ಬಾಗಿ ಏಳುತ್ತಿದ್ದವು. ಗಿಟಾರುಗಳೆರಡು ಜಗಳವಾಡುತ್ತ ಹೋಗಿ ಕೊನೆಗೆ ಒಂದೇ ಮಾತಿಗೆ ಬರುತ್ತಿದ್ದವು. ಡ್ರಮ್ಮಿನವನಂತೂ ಎರಡು ಕೈ, ಎರಡು ಕಾಲುಗಳಿಗೆ ನಾಲ್ಕು ಬೇರೆ ಬೇರೆ ಕೆಲಸ ಹಚ್ಚಿ, ತಾನು ನಡುವೆ ನಿಶ್ಚಿಂತನಾಗಿ ಕುಳಿತಿದ್ದ. ಮುಗಿದಂತೆಲ್ಲ ಮತ್ತೆ ಮೊದಲಿನಿಂದ ಹಚ್ಚಿದೆ. ಮಧ್ಯಾಹ್ನ ಮೂರನೆಯ ಸುತ್ತು ನಡೆದಾಗ ನಾನು ಪಡಸಾಲೆಯ ನಡುವೆ ನಿಂತು, ಕಣ್ಣು ಮುಚ್ಚಿ, ಕೂದಲು ಹಾರುವಂತೆ ತಲೆ ಬೀಸುತ್ತಿದ್ದೆ. ಬಾಗಿಲು ತೆರೆದದ್ದು ಕೇಳಿಸಲಿಲ್ಲ. ಸಂಬಂಧಿಕರು ಮದುವೆಯಿಂದ ಬೇಗ ಹೊರಟಿದ್ದರಿಂದ ಇವರೆಲ್ಲ ಅದೇ ಗಾಡಿಯಲ್ಲಿ ಬಂದುಬಿಟ್ಟಿದ್ದರು.

ಕಣ್ಣು ತೆರೆದಾಗ ಎದುರಿಗೆ ಅತ್ತೆ, ಕೈಯಲ್ಲಿ ಭಂಡಾರದ, ಅಂದರೆ ದೇವಿಯ ಅರಿಶಿನಪುಡಿಯ ಬಟ್ಟಲು. ನಮ್ಮದು ಲಿಂಗಪೂಜೆಯ ಮನೆ. ಮೈಮೇಲೆ ದೇವಿ ಬರುವುದನ್ನು ಮಾವನವರು ಒಪ್ಪುವವರಲ್ಲ. ಅತ್ತೆ ಮಾತ್ರ ಯಾವುದಕ್ಕೂ ಇರಲಿ ಎಂದು ನನ್ನ ಹಣೆಗೆ ಭಂಡಾರ ಹಚ್ಚಿ, ಅತಿ ವಿನಯದಿಂದ, "ಯಾವ ತಾಯಿ ನೀ? ಯಾಕ ಬಂದೀದಿ?" ಎಂದು ಕೇಳಿದರು.

ಪಾರಾಗುವ ದಾರಿ ಸಲೀಸಾಗಿತ್ತು. ಒಮ್ಮೆ ಹೂಂಕರಿಸಿದ್ದರೆ ಗುಟ್ಟು ಉಳಿಯುತ್ತಿತ್ತು, ಓಣಿಯಲ್ಲಿ ನನ್ನ ಮರ್ಯಾದೆ ಇನ್ನೊಂದು ಮೆಟ್ಟಿಲು ಏರುತ್ತಿತ್ತು. ಆದರೆ ದೇವಿ ಹೇಗೆ ಮಾತನಾಡುತ್ತಾಳೆಂದು ನಾನು ಎಲ್ಲಿಯೂ ಓದಿರಲಿಲ್ಲ. "ನಾನs ರೀ ಅತ್ತೀ," ಎಂದೆ. ಆ ಮನೆಯಲ್ಲಿ ಪರಿಶೀಲಿಸದೆ ಆಡಿದ ನನ್ನ ಮೊದಲ ವಾಕ್ಯವದು.

ಅತ್ತೆ ಟಿ.ವಿ.ಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಅಂದ್ರ ದಿನಾ ಕಿವ್ಯಾಗ ಹಾಕ್ಕೊಂಡ ಕೇಳತಿದ್ದ ಪ್ರವಚನ ಇದs ಏನು?"

"ಹೂಂರಿ."

ಪತಿ ಹೊಸ್ತಿಲಾಚೆ ನಿಂತು ಚಪ್ಪಲಿ ಬಿಡುವುದರಲ್ಲಿ ಬಹಳ ಹೊತ್ತು ತೊಡಗಿಕೊಂಡರು. ನಾನು ರಿಮೋಟಿಗೆ ಕೈ ಚಾಚಿದೆ. ಆಗ ಮಾವನವರು, "ತಡಿಯವಾ, ಬಂದ್ ಮಾಡಬ್ಯಾಡ," ಎಂದರು.

ಮಾವನವರು ನಲವತ್ತು ವರ್ಷ ಸೊಂಟಕ್ಕೆ ಕರಡಿಯೆಂಬ ಚರ್ಮವಾದ್ಯ ಕಟ್ಟಿದವರು, ಊರಿನ ಕರಡಿ ಮಜಲಿನ ಮೇಳಕ್ಕೆ ಹಿರಿಯರು. ಟಿ.ವಿ.ಯ ಎದುರಿಗೆ ನೆಲದ ಮೇಲೆಯೇ ಕುಳಿತು, ಮೊಣಕಾಲ ಮೇಲೆ ಬೆರಳಿನಿಂದ ಲೆಕ್ಕ ಹಿಡಿಯತೊಡಗಿದರು. ಎರಡು ಸಲ ತಪ್ಪಿತು. ಮೂರನೆಯ ಸಲ ಸಿಕ್ಕಿತು. ಪೆಟ್ಟು ಎಲ್ಲಿ ಹೊರಳಿ ಮತ್ತೆ ಮೊದಲಿಗೆ ಬರುತ್ತದೆಂದು ನನಗೆ ತೋರಿಸಿಯೂ ಕೊಟ್ಟರು. ಎಂಟು ವರ್ಷ ಕೇಳಿದ ನನಗೆ ಅದು ತಿಳಿದಿರಲಿಲ್ಲ. "ನಮಗ ಎರಡ ಕೈ ಸಂಭಾಳಸೂದs ಸಾಕಾಗತೈತಿ. ಈ ಮನಶ್ಯಾ ಕಾಲೀಲೇನೂ ಬಾರಸ್ತಾನಲ್ಲs," ಎಂದು ಉಸಿರುಬಿಟ್ಟರು.

ಕರಡಿ ಬಾರಿಸುವವರಲ್ಲಿ ಒಂದು ಪದ್ಧತಿಯುಂಟು. ತನಗಿಂತ ಮೇಲಾದ ವಾದಕ ಸಿಕ್ಕರೆ, ಹೆಗಲ ಮೇಲಿನ ಟಾವೆಲನ್ನು ತೆಗೆದು ಅವನಿಗೆ ಹೊದಿಸಬೇಕು. ಮದುವೆಯಲ್ಲಿ ಅದೇ ದಿನ ಆಯೇರಿಯೆಂದು ಉಡುಗೊರೆ ಕೊಟ್ಟ, ಮಡಿಕೆಯಿನ್ನೂ ಮುರಿಯದ ಟಾವೆಲ್ ಮಾವನವರ ಹೆಗಲ ಮೇಲಿತ್ತು. ಅವರು ಎದ್ದರು, ಡ್ರಮ್ಮಿನವನ ಹೆಗಲು ಎಲ್ಲಿಯೆಂದು ಒಂದು ಕ್ಷಣ ಹುಡುಕಿದರು, ಕೊನೆಗೆ ಟಾವೆಲನ್ನು ಟಿ.ವಿ.ಗೆ ಹೊದಿಸಿ ಕೈಮುಗಿದರು. ಪರದೆಯ ಮುಕ್ಕಾಲು ಪಾಲು ಮುಚ್ಚಿಹೋಯಿತು. ಅಂಚಿನ ಕೆಳಗೆ ಡ್ರಮ್ಮಿನವನ ಕಾಲುಗಳಷ್ಟೇ ಕಾಣುತ್ತಿದ್ದವು. ಅವರಿಗೆ ಬೇಕಾದದ್ದೂ ಅಷ್ಟೇ. ಎಂಟು ವರ್ಷ ಮೆಚ್ಚಿಕೊಂಡರೂ ನಾನು ಯಾರೆದುರಿಗೂ ಬಾಯಿಬಿಟ್ಟು ಹೊಗಳಿರಲಿಲ್ಲವೆಂದು ನನಗೆ ಆಗ ನಾಚಿಕೆಯಾಯಿತು.

ಸಂಜೆ ಅತ್ತೆ ಚಹಾ ಮಾಡಿ ತಂದರು. ಕಪ್ಪನ್ನು ನನ್ನ ಮುಂದಿಟ್ಟು ತೀರ್ಪು ಹೇಳಿದರು: "ಮುಂದಿನ ಐತವಾರ ಮ್ಯಾಳದವರೆಲ್ಲಾ ಇದನ್ನ ನೋಡಾಕ ಬರ್ತಾರಂತ. ನೀ ಪ್ರವಚನ ಕೇಳತೀ ಅಂತ ಇಡೀ ಓಣಿಗೆ ಹೇಳಾಕಿ ನಾನು. ನನ್ನ ಮಾತ ಸುಳ್ಳ ಆಗಬಾರ್ದು. ಆ ಹಾಡಾಂವ ಏನ ಅಂತಾನ ಅನ್ನೂದನ್ನ ಅರ್ಧಾ ತಾಸ ತಿಳಿಸಿ ಹೇಳು, ಆಮ್ಯಾಲ ಹಚ್ಚು."

ಆ ಗಾಯಕ ಏನು ಹೇಳುತ್ತಾನೆಂದು ನನಗೆ ಇಂದಿಗೂ ಗೊತ್ತಿಲ್ಲ. ತಿಳಿದುಕೊಳ್ಳಬೇಕೆಂದು ಅನ್ನಿಸಿಯೂ ಇರಲಿಲ್ಲ. ಈಗ ರೊಟ್ಟಿ ಬಡಿಯುವಾಗ ಹಿಟ್ಟಿನ ಬುಟ್ಟಿಯ ಪಕ್ಕದಲ್ಲಿ ವಹಿ, ಪೆನ್ನು ಇಟ್ಟುಕೊಂಡು ಕೇಳುತ್ತಿದ್ದೇನೆ. ನಾಲ್ಕು ದಿನದಲ್ಲಿ ನಿಸ್ಸಂಶಯವಾಗಿ ಗುರುತಿಸಿದ್ದು ಒಂದೇ ಪದ: "ನೋ". ಅತ್ತೆ ಬಂದು ಬಗ್ಗಿ ನೋಡಿ, "ತಿಳಿಯಾಕತ್ತೈತೇನವಾ?" ಎಂದು ಕೇಳುತ್ತಾರೆ.

ಎರಡೂ ಕೈ ಹಿಟ್ಟಾಗಿರುತ್ತವೆ. ತಲೆಯಾಡಿಸುತ್ತೇನೆ.