ಜೀಪಿಗೆ ನಾನು ಕೊಟ್ಟ ಶಾಖ

ಶಾಖದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವ ಅಗತ್ಯವಿರಲಿಲ್ಲ. ವರ್ಕಾಡಿಯ ಹತ್ತಿರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಶಾಖದ ಅಧ್ಯಾಯವನ್ನು ಪುಸ್ತಕ ತೆರೆಯದೆ ಪಾಠ ಮಾಡಬಲ್ಲೆ. ಹಾಗಾಗಿ ನಮ್ಮ ಜೀಪಿಗೆ ಶಾಖದ ಕೊರತೆಯಿದೆ ಎಂದು ತಿಳಿದಾಗ ನನಗೆ ನಿಜಕ್ಕೂ ಸಂತೋಷವೇ ಆಯಿತು.

ನಮ್ಮ ಜೀಪು ಎಂದೆ. ತಪ್ಪು. ಅದು ನನ್ನ ಹೆಂಡತಿ ಶಾರದೆಯದು. ಅವಳ ಅಪ್ಪ ಓಡಿಸುತ್ತಿದ್ದ ಹಳೆಯ ಪೆಟ್ರೋಲ್ ಜೀಪು. ನಾಲ್ಕು ಸಿಲಿಂಡರುಗಳು ಅಸೆಂಬ್ಲಿಗೆ ನಿಂತ ಮಕ್ಕಳ ಹಾಗೆ ಒಂದೇ ಸಾಲಿನಲ್ಲಿ ನಿಂತಿರುವ ಎಂಜಿನ್. ಆರ್‌ಸಿ ಅವಳ ಹೆಸರಿನಲ್ಲಿದೆ, ಸ್ಟಿಯರಿಂಗ್ ಅವಳ ಕೈಯಲ್ಲಿದೆ. ನಾನು ಎಡಗಡೆ ಕೂತು ಸಲಹೆ ಕೊಡುವವನು. ಏಪ್ರಿಲ್ ತಿಂಗಳ ಒಂದು ಬುಧವಾರ ರಿಜಿಸ್ಟ್ರೇಷನ್ ನವೀಕರಣಕ್ಕಾಗಿ ಅದನ್ನು ವಿದ್ಯಾನಗರದ ಆರ್‌ಟಿಒ ಆಫೀಸಿಗೆ ಕೊಂಡುಹೋಗಿ ತೋರಿಸಬೇಕಿತ್ತು. ಪಾಸಾಗದಿದ್ದರೆ ಗುಜರಿ. ಆ ಮಾತು ಎತ್ತಿದರೆ ಸಾಕು, ಶಾರದೆ ಊಟ ಬಿಟ್ಟು ಏಳುತ್ತಿದ್ದಳು.

ಕಾಯಿಲೆ ಇಷ್ಟೇ: ಸುಮ್ಮನೆ ನಿಂತಾಗ ಎಂಜಿನ್ ಚೆನ್ನಾಗಿಯೇ ಇರುತ್ತಿತ್ತು. ಆಕ್ಸಿಲರೇಟರ್ ಒತ್ತಿದ ಕೂಡಲೇ ಉಸಿರು ಕಟ್ಟಿದಂತೆ ಮುಗ್ಗರಿಸಿ, ನಮ್ಮಿಬ್ಬರ ತಲೆಯನ್ನೂ ಮುಂದಕ್ಕೆ ಬಾಗಿಸಿ, ಆಮೇಲೆ ಮನಸ್ಸು ಬಂದರೆ ಹೊರಡುತ್ತಿತ್ತು.

"ಇದಿನಬ್ಬನಿಗೆ ಒಮ್ಮೆ ತೋರಿಸುವ," ಎಂದಳು ಶಾರದೆ. ಇದಿನಬ್ಬ ನಮ್ಮ ಪೇಟೆಯ ಮೆಕ್ಯಾನಿಕ್, ನನ್ನ ಹಳೆಯ ವಿದ್ಯಾರ್ಥಿ.

"ಮೊದಲು ಕಾರಣ ಗೊತ್ತಾಗ್ಬೇಕು ಮಾರಾಯ್ತಿ. ರಿಪೇರಿ ಮತ್ತೆ," ಎಂದೆ.

ಕಾರಣ ಮೊಬೈಲಿನಲ್ಲಿ ಸಿಕ್ಕಿತು. ಕೆನಡಾದ ಮಹನೀಯರೊಬ್ಬರು ಇಂಥ ಹಳೆಯ ಎಂಜಿನ್‌ಗಳ ಬಗ್ಗೆ ಉದ್ದಕ್ಕೆ ಬರೆದಿದ್ದರು. ಕಾರ್ಬ್ಯುರೇಟರಿನಿಂದ ಹೊರಟ ಪೆಟ್ರೋಲು ತಣ್ಣಗಿನ ಕೊಳವೆಯಲ್ಲಿ ಹನಿಯಾಗಿ ಅಂಟಿಕೊಳ್ಳುತ್ತದೆ, ಆದ್ದರಿಂದ ಎಂಜಿನ್ ಮುಗ್ಗರಿಸುತ್ತದೆ, ಒಳಹೋಗುವ ಗಾಳಿಗೆ ಶಾಖ ಕೊಡಿ ಎಂದು. ಜೊತೆಗೆ ಒಂದು ಫೋಟೋ. ಅವರ ಗಾಡಿ ಬಾನೆಟ್ಟಿನವರೆಗೆ ಹಿಮದಲ್ಲಿ ಹೂತುಹೋಗಿತ್ತು. ನಾನದನ್ನು ಅಲಂಕಾರಕ್ಕೆ ಹಾಕಿದ ಚಿತ್ರ ಎಂದುಕೊಂಡೆ. ಇಲ್ಲಿ ಆಗ ಅಂಗಳಕ್ಕೆ ಬರಿಗಾಲಿನಲ್ಲಿ ಇಳಿಯುವಂತಿರಲಿಲ್ಲ!

ದಾರಿಯಲ್ಲಿ ಸಿಕ್ಕಿದ ಇದಿನಬ್ಬನಿಗೆ ಈ ಸಿದ್ಧಾಂತವನ್ನು ವಿವರಿಸಿದೆ. ನಮ್ಮ ಕಡೆ ಮಾಷ್ಟ್ರು ಎಂಬ ಪದವಿ ನಿವೃತ್ತಿಯಿಂದ ಹೋಗುವುದಿಲ್ಲ. ಅರ್ಜಿ ಬರೆಯುವುದಿರಲಿ, ಮದುವೆ ಕಾಗದ ತಿದ್ದುವುದಿರಲಿ, ಮಾಷ್ಟ್ರು ಹೇಳಿದ್ದಕ್ಕೆ ಎದುರು ಮಾತಿಲ್ಲ. ಇದಿನಬ್ಬ ಬಿಸಿಲಿನಲ್ಲಿ ಅರ್ಧ ಗಂಟೆ ಕೈಕಟ್ಟಿ ನಿಂತು ಕೇಳಿದ.

"ಮಾಷ್ಟ್ರು ಹೇಳಿದ ಮೇಲೆ ಹಾಗೇ ಇರ್ಬಹುದು," ಎಂದ.

ನಾನದನ್ನು ತಾಂತ್ರಿಕ ಅನುಮೋದನೆ ಎಂದು ಭಾವಿಸಿದೆ.

ಮಂಗಳವಾರ ಶಾರದೆ ತಂಗಿಯ ಮನೆಗೆ ಹೋಗಿದ್ದಳು. ವಿಜ್ಞಾನಕ್ಕೆ ಅನುಕೂಲಕರ ವಾತಾವರಣ. ಅಡುಗೆಮನೆಯಿಂದ ಒಂದು ದೊಡ್ಡ ತಗಡಿನ ಡಬ್ಬಿ ತಂದು, ಒಳಗಿದ್ದ ಹಲಸಿನ ಹಪ್ಪಳಗಳನ್ನು ಪೇಪರಿನ ಮೇಲೆ ಸುರಿದು, ತಳ ಕತ್ತರಿಸಿದೆ. ಎಂಜಿನ್ನಿನ ಹೊಗೆ ಹೊರಹೋಗುವ ಕಬ್ಬಿಣದ ಕೊಳವೆಯ ಮೇಲೆ ಅದನ್ನು ಕವುಚಿ, ಅಲ್ಲಿನ ಬಿಸಿಗಾಳಿ ನೇರ ಕಾರ್ಬ್ಯುರೇಟರಿಗೆ ಹೋಗುವಂತೆ ತಗಡಿನ ಒಂದು ಸೊಂಡಿಲು ಮಾಡಿದೆ. ಎಲ್ಲವನ್ನೂ ತಂತಿಯಿಂದ ಹನ್ನೆರಡು ಸುತ್ತು ಬಿಗಿದೆ. ಶಾಖ ವ್ಯರ್ಥವಾಗಬಾರದಲ್ಲ, ಮೇಲಿಂದ ಗೋಣಿಚೀಲವನ್ನೂ ಹೊದಿಸಿದೆ. ಬಾಣಂತಿಗೂ ಇಷ್ಟು ಆರೈಕೆ ಇರುವುದಿಲ್ಲ.

ಬುಧವಾರ ಬೆಳಗ್ಗೆ ಶಾರದೆ ತಂಗಿಯ ಮನೆಯಿಂದ ಬಂದವಳೇ ನೇರ ಜೀಪು ಹತ್ತಿದಳು. ಸ್ಟಾರ್ಟ್ ಮಾಡಿದೊಡನೆ ಬಾನೆಟ್ಟಿನೊಳಗೆ ತಗಡು ಗಡಗಡ ಎಂದಿತು.

"ಎಂತ ಮಾಡಿದ್ದೀರಿ ಇದಕ್ಕೆ?"

"ಶಾಖದ ವ್ಯವಸ್ಥೆ."

"ಈ ಸೆಕೆಯಲ್ಲಾ?"

"ಅದು ನಿನಗೆ ಅರ್ಥವಾಗ್ಲಿಕ್ಕಿಲ್ಲ."

ಅವಳು ನನ್ನ ಮುಖ ನೋಡಿ, ನಂಬಿದಳು. ಮೊದಲ ಮೈಲಿನಲ್ಲಿ ಮುಗ್ಗರಿಸುವುದು ನಿಜಕ್ಕೂ ಸ್ವಲ್ಪ ಕಡಿಮೆಯಾಗಿತ್ತು. ನಾನು ಕೆನಡಾದವರಿಗೆ ಮನಸ್ಸಿನಲ್ಲೇ ಧನ್ಯವಾದ ಹೇಳಿದೆ. ಕುಂಬಳೆ ದಾಟುವಾಗ ಕಾಲಿನ ಹತ್ತಿರ ಬಿಸಿ ಬಡಿಯತೊಡಗಿತು. ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದೆ.

ವಿದ್ಯಾನಗರದ ಏರಿನ ನಡುವೆ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ನಮ್ಮ ಹಿಂದೆ ಆಫೀಸಿನವರು ತುಂಬಿದ ಟೌನ್ ಬಸ್ಸೂ ನಿಂತಿತು. ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. ಹೊಗೆಯ ಜೊತೆ ಪರಿಚಿತವಾದ ಒಂದು ಪರಿಮಳವೂ ಬಂತು.

"ಹಪ್ಪಳ ಸುಡುವುದಾ ಒಳಗೆ?" ಎಂದು ಬಸ್ಸಿನ ಕಿಟಕಿಯಿಂದ ಯಾರೋ ಕೇಳಿದರು.

ಶಾರದೆ ಬಾನೆಟ್ ಎತ್ತಿದಳು. ಗೋಣಿಯ ಒಂದು ಮೂಲೆ ಕರಟಿ ಹೊಗೆಯಾಡುತ್ತಿತ್ತು. ಡಬ್ಬಿಯ ಅಂಚಿಗೆ ಅಂಟಿದ್ದ ಹಪ್ಪಳದ ಚೂರುಗಳು ಹದವಾಗಿ ಕೆಂಪಾಗಿದ್ದವು.

"ಇದು ನನ್ನ ಹಪ್ಪಳದ ಡಬ್ಬಿ ಅಲ್ವಾ?"

ನಾನು ವಿಜ್ಞಾನದ ಮೊರೆ ಹೊಕ್ಕೆ. "ಪೆಟ್ರೋಲು ಪೈಪಿನೊಳಗೇ ಕುದಿದು ಆವಿಯಾಗಿರಬೇಕು. ಇದು ಬಹಳ ಕುತೂಹಲಕರವಾದ..."

"ಸ್ವಲ್ಪ ಆಚೆ ನಿಲ್ಲಿ."

ಅವಳು ಗೋಣಿಯನ್ನು ಕೋಲಿನಿಂದ ಎಳೆದು ಬಿಸಾಡಿದಳು. ನನ್ನ ಹೆಗಲ ಮೇಲಿದ್ದ ಬೈರಾಸು ಟವೆಲನ್ನು ತೆಗೆದು, ಕುಡಿಯುವ ನೀರಲ್ಲಿ ನೆನೆಸಿ, ಎಂಜಿನ್ನಿಗೆ ಪೆಟ್ರೋಲು ತಳ್ಳುವ ಪುಟ್ಟ ಪಂಪಿಗೆ ಸುತ್ತಿದಳು. ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು ಸುಮ್ಮನೆ ನಿಂತಳು. ಜ್ವರ ಬಂದವರ ಹಣೆ ಮುಟ್ಟುವ ಹಾಗಿತ್ತು. ಆಗ ನನಗೆ ನಿಜವಾಗಿ ನಾಚಿಕೆಯಾಯಿತು. ಅವಳ ಅಪ್ಪನ ನೆನಪೆಂದು ಉಳಿದಿದ್ದ ಒಂದೇ ವಸ್ತುವನ್ನು ನಾನು ಒಲೆ ಮಾಡಿಟ್ಟಿದ್ದೆ.

ಹತ್ತು ನಿಮಿಷದಲ್ಲಿ ಜೀಪು ಹೊರಟಿತು. ಹನ್ನೆರಡು ಸುತ್ತಿನ ತಂತಿ ಮಾತ್ರ ಬಿಚ್ಚಲಿಕ್ಕಾಗಲಿಲ್ಲ. ಹಾಗಾಗಿ ಇನ್‌ಸ್ಪೆಕ್ಟರು ಬಾನೆಟ್ ತೆಗೆಸಿದಾಗ ಡಬ್ಬಿ ಅಲ್ಲೇ ಇತ್ತು. ಇನ್‌ಸ್ಪೆಕ್ಟರೂ ನನ್ನ ಹಳೆಯ ವಿದ್ಯಾರ್ಥಿ! ನನ್ನನ್ನು ನೋಡಿ ಕೈಮುಗಿದು, ಡಬ್ಬಿಯನ್ನು ನೋಡಿ ಕೈ ಕೆಳಗಿಳಿಸಿದ.

"ಇದೆಂತ ಮಾಷ್ಟ್ರೇ? ಯಾರು ಮಾಡಿದ್ದು?"

"ಒಬ್ಬ ಹೊಸ ಮೆಕ್ಯಾನಿಕ್ ಸರ್," ಎಂದಳು ಶಾರದೆ, ನಾನು ಬಾಯಿ ತೆರೆಯುವ ಮೊದಲೇ.

"ಶಾಖ ಅಂದ್ರೆ ಎಂತ ಅಂತಲೇ ಗೊತ್ತಿಲ್ಲ ಅವನಿಗೆ. ನೀವಾದ್ರೂ ಸ್ವಲ್ಪ ಹೇಳಿಕೊಡ್ಬಾರ್ದಾ ಮಾಷ್ಟ್ರೇ?" ಎಂದ ಇನ್‌ಸ್ಪೆಕ್ಟರು.

"ಹೇಳ್ತೇನೆ," ಎಂದೆ.

ಸರಿಮಾಡಿ ತರಲು ಒಂದು ವಾರದ ಅವಕಾಶ ಸಿಕ್ಕಿತು. ಇದಿನಬ್ಬ ಮನೆಗೆ ಬಂದು ಡಬ್ಬಿ ಬಿಡಿಸಿ, ಕಾರ್ಬ್ಯುರೇಟರ್ ತೆರೆದು, ಬೆರಳ ತುದಿಯಷ್ಟು ದೊಡ್ಡ ಒಂದು ಚರ್ಮದ ವಾಷರ್ ಹೊರತೆಗೆದ. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಿನ ಪೆಟ್ರೋಲನ್ನು ಚಿಮ್ಮಿಸಬೇಕಾದ ವಾಷರ್ ಅದು. ಒಣಗಿ ಮುರುಟಿತ್ತು. ಹೊಸದು ಹಾಕಿದ. ಕಾಲು ಗಂಟೆಯ ಕೆಲಸ.

"ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಮಾಷ್ಟ್ರೇ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಅಲ್ವಾ. ಹೇಳಿದ್ದು ಮಾತ್ರ."

ಮುಂದಿನ ವಾರ ಜೀಪು ಏರನ್ನು ಒಂದೇ ಉಸಿರಿಗೆ ಹತ್ತಿತು. ಪರೀಕ್ಷೆಯಲ್ಲಿ ಪಾಸೂ ಆಯಿತು. ಶಾರದೆಯ ಕಣ್ಣು ಒದ್ದೆಯಾಯಿತು. ಇನ್‌ಸ್ಪೆಕ್ಟರು ಕಾಗದ ಕೊಡುತ್ತಾ ವಿಚಾರಿಸಿದ.

"ಆ ಮೆಕ್ಯಾನಿಕ್ ಈಗ ಎಲ್ಲಿದ್ದಾನೆ?"

"ನಮ್ಮ ಮನೆಯಲ್ಲೇ ಇದ್ದಾರೆ ಸರ್," ಎಂದಳು ಶಾರದೆ. "ಪಾತ್ರೆ ತೊಳೀಲಿಕ್ಕೆ ಹಾಕಿದ್ದೇನೆ."

ಇನ್‌ಸ್ಪೆಕ್ಟರು ಅವಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಆಕಾಶವನ್ನು ಪರಿಶೀಲಿಸುತ್ತಿದ್ದೆ. ಗುರುಗಳ ಮೇಲಿನ ಗೌರವದಿಂದ ಅವನು ತುಟಿ ಬಿಗಿಹಿಡಿದು ಮತ್ತೊಮ್ಮೆ ಕೈಮುಗಿದ. ಜೀಪು ಗೇಟು ದಾಟುವವರೆಗೂ ತಡೆದುಕೊಂಡ.

ಎಂಜಿನ್ ಈಗ ಎಷ್ಟು ಸದ್ದಿಲ್ಲದೆ ಓಡುತ್ತದೆ ಎಂದರೆ, ಹಿಂದಿನಿಂದ ಬಂದ ನಗು ನನಗೆ ಸ್ಪಷ್ಟವಾಗಿ ಕೇಳಿಸಿತು.